ಲೈಸೆನ್ಸ್ ಕೈಗೆ ಬಂದ ಮೇಲೆ



ನಿಮ್ಮ ಮಗನಿಗೋ ಮಗಳಿಗೋ ಹದಿನೆಂಟು ತುಂಬಿದೆ. ಕಲಿಕಾ ಲೈಸೆನ್ಸ್ ಪಡೆದು ತಿಂಗಳು ಕಳೆದ ಮೇಲೆ ಆರ್‌ಟಿಓ ಮೈದಾನಕ್ಕೆ ಹೋಗಿ, ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಿ ತೋರಿಸಿ, ಪಾಸಾಗಿ ಮನೆಗೆ ಬಂದಿದ್ದಾರೆ. ಮನೆಯಲ್ಲೆಲ್ಲ ಸಂತೋಷ. ಮರುದಿನ ಬೆಳಿಗ್ಗೆಯೇ "ಅಪ್ಪಾ, ಗಾಡಿ ಕೀ ಎಲ್ಲಿದೆ?" ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗೆ ನೀವು ಏನು ಉತ್ತರ ಕೊಡುತ್ತೀರಿ ಎಂಬುದರ ಕುರಿತು ಈ ವಾರ ಸ್ವಲ್ಪ ಯೋಚಿಸೋಣ.

ಸಾಮಾನ್ಯವಾಗಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ಕೆಲವರು ಕೀ ಕೊಟ್ಟು, "ಇನ್ನು ನಿನ್ನ ಜವಾಬ್ದಾರಿ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು "ಸ್ವಲ್ಪ ದಿನ ಹೋಗಲಿ" ಎಂದು ಕೀಯನ್ನೇ ಬಚ್ಚಿಡುತ್ತಾರೆ. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಎರಡನೆಯದೇ ಹೆಚ್ಚು. ಅಣ್ಣನಿಗೆ ಬೈಕು, ತಂಗಿಯ ಲೈಸೆನ್ಸಿಗೆ ಕಪಾಟು! ಬಚ್ಚಿಟ್ಟರೆ ಅಪಾಯ ತಪ್ಪಿತೆಂದು ಭಾವಿಸಬೇಡಿ. ಓಡಿಸದೆ ಇದ್ದರೆ ಕಲಿತದ್ದೂ ಮರೆತುಹೋಗುತ್ತದೆ. ಮುಂದೊಂದು ದಿನ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ಅವಸರದ ಹೊತ್ತಿನಲ್ಲಿ, ಆ ಹುಡುಗಿ ಒಬ್ಬಳೇ ಮೊದಲ ಬಾರಿಗೆ ರಸ್ತೆಗಿಳಿಯಬೇಕಾಗುತ್ತದೆ.

ಆರ್‌ಟಿಓ ಮೈದಾನದಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ. ಅಲ್ಲಿ ಕತ್ತಲೆ ಇಲ್ಲ, ಕಣ್ಣು ಕುಕ್ಕುವ ಲಾರಿ ದೀಪ ಇಲ್ಲ, ಅಡ್ಡ ಬರುವ ದನವಿಲ್ಲ. ಹಿಂದೆ ಕುಳಿತ ಗೆಳೆಯ "ಇಷ್ಟೇನಾ ಸ್ಪೀಡು?" ಎಂದು ಕೆಣಕುವುದಿಲ್ಲ. ವಾಹನವನ್ನು ಹತೋಟಿಯಲ್ಲಿಡಲು ಬರುತ್ತದೆ, ನಿಯಮಗಳು ಗೊತ್ತಿವೆ ಎಂಬಷ್ಟಕ್ಕೆ ಮಾತ್ರ ಆ ಪರೀಕ್ಷೆ ಸಾಕ್ಷಿ. ನ್ಯೂಜಿಲೆಂಡ್ ದೇಶ 1987ರಲ್ಲೇ ಇದನ್ನು ಮನಗಂಡು ಲೈಸೆನ್ಸನ್ನು ಹಂತಹಂತವಾಗಿ ಕೊಡತೊಡಗಿತು. ಅಲ್ಲಿ ಹೊಸಬರು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಅನುಭವಿಗಳಿಲ್ಲದೆ ಓಡಿಸುವಂತಿಲ್ಲ, ಮನಬಂದಂತೆ ಗೆಳೆಯರನ್ನು ಹತ್ತಿಸಿಕೊಳ್ಳುವಂತಿಲ್ಲ. ನಮ್ಮ ಕಾನೂನಿನಲ್ಲಿ ಇಂತಹ ನಡುವಿನ ಮೆಟ್ಟಿಲು ಇಲ್ಲ. ಕೆಂಪು 'ಎಲ್' ಅಕ್ಷರ ಕಿತ್ತು ಹಾಕಿದ ಗಳಿಗೆಯಿಂದ ನಿನ್ನೆಯ ಹುಡುಗನೂ ಇಪ್ಪತ್ತು ವರ್ಷ ಓಡಿಸಿದ ಚಾಲಕನೂ ಒಂದೇ. ಅವನು ಅಂದೇ ರಾತ್ರಿ ಶಿರಾಡಿ ಘಾಟಿ ಇಳಿದರೂ ಕೇಳುವವರಿಲ್ಲ. ಕಾನೂನು ಕಟ್ಟದ ಈ ಮೆಟ್ಟಿಲನ್ನು ಮನೆಯವರೇ ಕಟ್ಟಿಕೊಡಬೇಕು. ಅದಕ್ಕೆ ಆರು ತಿಂಗಳು ಮೀಸಲಿಡಿ.

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನೆನಪು ಮಾಡಿಕೊಳ್ಳಿ. ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂದಿರುಗುವಾಗ ಮರಿಯ ಮತ್ತು ಜೋಸೆಫರು ಹನ್ನೆರಡು ವರ್ಷದ ಬಾಲಯೇಸುವಿನ ಕೈ ಹಿಡಿದುಕೊಂಡಿರಲಿಲ್ಲ. ನೆಂಟರಿಷ್ಟರ ಗುಂಪಿನಲ್ಲಿ ಬರುತ್ತಿದ್ದಾನೆಂದು ನಂಬಿ ಒಂದು ದಿನದ ಪ್ರಯಾಣವನ್ನೇ ಮಾಡಿದ್ದರು. ಈ ನಂಬಿಕೆಯನ್ನು ಶುಭಸಂದೇಶಕಾರರು ತಪ್ಪೆಂದು ಬರೆದಿಲ್ಲ. ಮಗ ಕಾಣದಿದ್ದಾಗ ಅವರು ಕೂಡಲೇ ಹಿಂದಿರುಗಿ ಹುಡುಕಿದರು. ಸಿಕ್ಕಿದಾಗ ತಾಯಿ ಮರಿಯಮ್ಮ ತನ್ನ ಕಳವಳವನ್ನು ಮುಚ್ಚಿಡದೆ ಮಗನ ಮುಂದೆ ಹೇಳಿಕೊಂಡರು, ಅವನ ಮಾತನ್ನೂ ಕೇಳಿಸಿಕೊಂಡರು. ಬಿಟ್ಟುಕೊಡುವುದು, ಹಿಂದಿರುಗಿ ನೋಡುವುದು, ಮಾತನಾಡುವುದು ಈ ಮೂರೂ ಬೆಳೆದ ಮಕ್ಕಳಿರುವ ಮನೆಗೆ ಬೇಕು.

ಮೊದಲ ತಿಂಗಳು

ಮೊದಲ ತಿಂಗಳು ಪ್ರತಿ ಪ್ರಯಾಣದಲ್ಲೂ ಮನೆಯ ಅನುಭವಿಯೊಬ್ಬರು ಜೊತೆಗಿರಲಿ. ಕಾರಾದರೆ ಪಕ್ಕದಲ್ಲಿ, ಸ್ಕೂಟರಾದರೆ ಹಿಂದೆ. ಒಂದೇ ರಸ್ತೆಯನ್ನು ಮತ್ತೆ ಮತ್ತೆ ಓಡಿಸಲಿ. ಮನೆಯಿಂದ ಚರ್ಚಿಗೆ, ಚರ್ಚಿನಿಂದ ಪೇಟೆಗೆ, ಹಗಲಿನಲ್ಲಿ, ಸಂದಣಿ ಕಡಿಮೆ ಇರುವ ಹೊತ್ತಿನಲ್ಲಿ. ಪರಿಚಿತ ದಾರಿಯಾದರೆ ಹುಡುಗನ ಗಮನ ದಾರಿ ಹುಡುಕುವುದರಲ್ಲಿ ಕಳೆದುಹೋಗದೆ, ರಸ್ತೆಯ ಮೇಲಿರುವವರನ್ನು ನೋಡುವುದಕ್ಕೆ ಸಿಗುತ್ತದೆ. ಹೊಸಬರ ದೊಡ್ಡ ಕೊರತೆ ಇದೇ. ಅವರ ಕೈಕಾಲು ಚುರುಕು, ಆದರೆ ಕಣ್ಣು ಮುಂದಿನ ಗಾಡಿಯ ಹಿಂಭಾಗದಲ್ಲೇ ನೆಟ್ಟಿರುತ್ತದೆ. ನಿಂತ ಬಸ್ಸಿನ ಮುಂದಿನಿಂದ ಶಾಲೆಯ ಮಗುವೊಂದು ಓಡಿಬರಬಹುದು, ನಿಂತ ರಿಕ್ಷಾ ಸೂಚನೆ ಇಲ್ಲದೆ ತಿರುಗಬಹುದು ಎಂಬ ಊಹೆ ಓಡಿಸಿ ಓಡಿಸಿಯೇ ಬರಬೇಕು.

ಇದಕ್ಕೊಂದು ಸುಲಭ ಅಭ್ಯಾಸವಿದೆ. ಓಡಿಸುವಾಗ ತಾನು ಕಾಣುತ್ತಿರುವುದನ್ನು ಬಾಯಿಬಿಟ್ಟು ಹೇಳಲು ತಿಳಿಸಿ. "ಎಡಕ್ಕೆ ಬಸ್ಸು ನಿಂತಿದೆ, ಜನ ಇಳಿಯುತ್ತಿದ್ದಾರೆ, ಮುಂದೆ ಹಂಪ್ ಇದೆ, ಆ ಸೈಕಲಿನವರು ಬಲಕ್ಕೆ ಬರಬಹುದು." ಮೊದಲು ನಗು ಬರುತ್ತದೆ. ಎರಡು ದಿನದಲ್ಲಿ ಅವನು ಏನನ್ನು ನೋಡುತ್ತಿಲ್ಲ ಎಂಬುದು ನಿಮಗೂ ಅವನಿಗೂ ಗೊತ್ತಾಗುತ್ತದೆ.

ಜೊತೆಗೆ ಕೂರುವವರಿಗೂ ಒಂದು ಮಾತು. ಕಿರುಚಬೇಡಿ. "ಅಯ್ಯೋ, ನೋಡೋ!" ಎಂದು ಅಪ್ಪ ಕೂಗಿದರೆ ಮಗ ರಸ್ತೆಯನ್ನು ಬಿಟ್ಟು ಅಪ್ಪನನ್ನು ನೋಡುತ್ತಾನೆ. ಹೇಳುವುದನ್ನು ಮುಂಚಿತವಾಗಿ, ಮೆಲ್ಲಗೆ ಹೇಳಿ. ತಪ್ಪಿನ ವಿಚಾರಣೆ ಗಾಡಿ ನಿಂತ ಮೇಲೆ ಆಗಲಿ. ಅಪ್ಪನಿಗೆ ತಾಳ್ಮೆ ಕಡಿಮೆಯಿದ್ದರೆ ಚಿಕ್ಕಪ್ಪನೋ ಸೋದರಮಾವನೋ ಕೂರಲಿ, ಅದರಲ್ಲಿ ಅವಮಾನವೇನಿಲ್ಲ.

ಮಳೆ, ಘಾಟಿ, ರಾತ್ರಿ

ಎರಡನೆಯ ತಿಂಗಳಿನಿಂದ ಪರಿಚಿತ ದಾರಿಯಲ್ಲಿ ಒಬ್ಬರೇ ಹೋಗಲಿ. ಆದರೆ ಮಳೆ, ರಾತ್ರಿ, ಹೆದ್ದಾರಿ, ಘಾಟಿ ಈ ನಾಲ್ಕನ್ನೂ ಒಂದೊಂದಾಗಿ, ಮೊದಲ ಸಲ ನಿಮ್ಮ ಜೊತೆಯಲ್ಲೇ ದಾಟಲಿ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಸೇರಿ ಜಾರುಪಟ್ಟಿಯಾಗುತ್ತದೆ. ಬೈಕಿನಲ್ಲಿ ಮುಂದಿನ ಬ್ರೇಕನ್ನಷ್ಟೇ ತಟಕ್ಕನೆ ಹಿಡಿದವರು ಬೀಳುವುದು ಆಗಲೇ. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಒತ್ತುವುದನ್ನು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿಸಿ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಳಿ ಕೆಲವು ಹಿರಿಯರಲ್ಲೇ ಇದೆ. ಅದನ್ನು ಕಲಿಸಬೇಡಿ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಇಕ್ಕಟ್ಟಿನ ಜಾಗದಲ್ಲಿ ಹತ್ತಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು.

ವೇಗದ ಲೆಕ್ಕವನ್ನು ಮಕ್ಕಳೊಡನೆ ಕಾಗದದ ಮೇಲೆ ಮಾಡಿ ನೋಡಿ. ಉಪದೇಶಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡು ಸೆಕೆಂಡು ಮೊಬೈಲ್ ನೋಡಿದರೆ 33 ಮೀಟರ್ ಕಣ್ಣುಮುಚ್ಚಿ ಓಡಿಸಿದಂತೆ. ನಮ್ಮ ಅನೇಕ ಚರ್ಚುಗಳಲ್ಲಿ ಮುಖ್ಯ ಬಾಗಿಲಿನಿಂದ ಪೀಠದವರೆಗೂ ಹೆಚ್ಚುಕಡಿಮೆ ಅಷ್ಟೇ ದೂರ. ವೇಗ 30ರಿಂದ 60ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಬೆಂಗಳೂರಿನ ಕಡೆಯ ಕುಟುಂಬಗಳು ವೇಳಾಂಗಣಿ ಮಾತೆಯ ದರ್ಶನಕ್ಕೆ ರಾತ್ರಿಯಿಡೀ ಕಾರು ಓಡಿಸಿಕೊಂಡು ಹೋಗುವುದುಂಟು. ಬೆಳಗಿನ ಜಾವದಲ್ಲಿ ಹಿರಿಯರಿಗೆ ನಿದ್ದೆ ತೂಗಿದಾಗ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನ ಕೈಗೆ ಸ್ಟಿಯರಿಂಗ್ ಕೊಡಬೇಡಿ. ಅವನಿಗೂ ನಿದ್ದೆ ಬರುತ್ತಿರುತ್ತದೆ, "ನನ್ನಿಂದಾಗದು" ಎನ್ನಲು ನಾಚಿಕೆ. ಅಂತಹ ಹೊತ್ತಿನಲ್ಲಿ ಎಲ್ಲಾದರೂ ನಿಲ್ಲಿಸಿ ಎಲ್ಲರೂ ಒಂದು ಗಂಟೆ ಮಲಗಿ. ಹರಕೆ ಸ್ವಲ್ಪ ತಡವಾದರೂ ಮಾತೆ ಕೋಪಿಸಿಕೊಳ್ಳುವುದಿಲ್ಲ.

ಫೋನು ಮತ್ತು ಮದ್ಯ

ಮಗ ಹೊರಟು ಹತ್ತು ನಿಮಿಷವಾಗುವಷ್ಟರಲ್ಲಿ ತಾಯಿ ಕರೆ ಮಾಡುತ್ತಾರೆ: "ಮಗಾ, ಎಲ್ಲಿದ್ದೀಯಾ? ಮುಟ್ಟಿದೆಯಾ?" ಪ್ರೀತಿಯಿಂದ ಮಾಡಿದ ಕರೆಯೇ. ಆದರೆ ತೆಗೆಯದಿದ್ದರೆ ಅಮ್ಮ ಹೆದರುತ್ತಾರೆಂದು ಅವನು ಓಡಿಸುತ್ತಲೇ ಫೋನ್ ತೆಗೆಯುತ್ತಾನೆ. ಆದ್ದರಿಂದ ಮೊದಲೇ ಒಪ್ಪಂದವಾಗಲಿ. ಅವನು ದಾರಿಯಲ್ಲಿರುವಾಗ ಮನೆಯಿಂದ ಕರೆ ಹೋಗಬಾರದು, ತಲುಪಿದ ಕೂಡಲೇ ಅವನೇ ಕರೆ ಮಾಡಬೇಕು. ಆ ಅರ್ಧ ಗಂಟೆ ಕಷ್ಟವಾದರೆ ತಾಯಂದಿರು ಒಂದು ಜಪಸರ ಮುಗಿಸಬಹುದು.

ಮದ್ಯದ ವಿಷಯವನ್ನು ನಮ್ಮ ಸಮುದಾಯದಲ್ಲಿ ಮುಜುಗರವಿಲ್ಲದೆ ಮಾತನಾಡಬೇಕಾಗಿದೆ. ಕರಾವಳಿಯ ರೋಸ್ ಇರಲಿ, ಮದುವೆಯ ಆರತಕ್ಷತೆ ಇರಲಿ, ಕ್ರಿಸ್ಮಸ್ ಇರಲಿ, ಗ್ಲಾಸು ಇಲ್ಲದೆ ಸಮಾರಂಭವಿಲ್ಲ ಎಂಬಂತಾಗಿದೆ. ಕುಡಿದ ಹಿರಿಯರೇ ಕಾರು ಓಡಿಸಿಕೊಂಡು ಮನೆಗೆ ಬರುವುದನ್ನು ಮಕ್ಕಳು ಹಿಂದಿನ ಸೀಟಿನಲ್ಲಿ ಕುಳಿತು ನೋಡುತ್ತಾ ಬೆಳೆದಿದ್ದಾರೆ. ಡ್ರೈವಿಂಗ್ ಶಾಲೆಗೆ ಸೇರುವ ಮೊದಲೇ ಅವರು ಕಲಿತ ಪಾಠ ಅದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2290ನೆಯ ಪರಿಚ್ಛೇದದಲ್ಲಿ, ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವುದನ್ನು ಗಂಭೀರ ಅಪರಾಧವೆಂದೇ ಹೇಳುತ್ತದೆ. ಅದನ್ನು ಕೊಲೆಯನ್ನು ನಿಷೇಧಿಸುವ ಐದನೆಯ ಕಟ್ಟಳೆಯ ಅಡಿಯಲ್ಲೇ ಇಟ್ಟಿದೆ. ವಲಸಿಗರ ಹಾಗೂ ಸಂಚಾರಿಗಳ ಪಾಲನೆಗಾಗಿ ವ್ಯಾಟಿಕನ್ನಿನಲ್ಲಿದ್ದ ಮಂಡಳಿ 2007ರಲ್ಲಿ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಕೊಟ್ಟಾಗಲೂ ಮೊದಲನೆಯದು ಇದೇ ಆಗಿತ್ತು. ಓಡಿಸುವ ಸ್ಥಿತಿಯಲ್ಲಿಲ್ಲದವರನ್ನು ಪ್ರೀತಿಯಿಂದ ತಡೆಯಬೇಕೆಂಬುದೂ ಅವುಗಳಲ್ಲೊಂದು. ಆದರೂ ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಯಲ್ಲಿ ರಸ್ತೆಯ ಪಾಪಗಳನ್ನು ನೆನೆಯುವವರು ಎಷ್ಟು ಮಂದಿ?

ಮಕ್ಕಳಿಗೆ ಒಂದು ಮಾತು ಕೊಡಿ. "ನೀನು ಕುಡಿದಿದ್ದರೂ, ನಿನ್ನನ್ನು ಕರೆದೊಯ್ದವನು ಕುಡಿದಿದ್ದರೂ, ಎಷ್ಟು ಹೊತ್ತಿಗಾದರೂ ಫೋನ್ ಮಾಡು. ನಾವು ಬಂದು ಕರೆದುಕೊಂಡು ಬರುತ್ತೇವೆ. ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ." ಮರುದಿನ ಕೇಳಿ, ಕೇಳಲೇಬೇಕು. ಆದರೆ ಬೈಗುಳಕ್ಕೆ ಹೆದರಿ ಮಗ ಗಾಡಿ ಹತ್ತುವಂತಾಗಬಾರದು.

ಕಾಗದಪತ್ರ ಮತ್ತು ಆಶೀರ್ವಾದ

ಹೆಲ್ಮೆಟ್ ಓಡಿಸುವವರಿಗೂ ಹಿಂದೆ ಕೂರುವವರಿಗೂ ಕಡ್ಡಾಯ. ಐಎಸ್‌ಐ ಗುರುತಿನದೇ ಇರಲಿ, ಪಟ್ಟಿ ಬಿಗಿದಿರಲಿ. ವಿಮೆಯ ಪತ್ರವನ್ನು ತೆರೆದು ಓದಿ. ಅದರಲ್ಲಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ವಾಹನ ಯಾರ ಹೆಸರಿನಲ್ಲಿದೆಯೋ ಅವರು ಓಡಿಸುವಾಗ ಮಾತ್ರ ಅನ್ವಯಿಸುತ್ತದೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ ಅವನಿಗೆ ಬೇರೆ ವಿಮೆ ಬೇಕು. ಇನ್ನು, ಲೈಸೆನ್ಸ್ ಬರುವ ಮೊದಲೇ, ಧರ್ಮೋಪದೇಶದ ತರಗತಿಗೇ ಎಂದು ಹದಿನೈದರ ಹುಡುಗನಿಗೆ ಸ್ಕೂಟರ್ ಕೊಡುವವರಿದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಆಗಬಹುದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಸಿಗದು.

ಹೊಸ ವಾಹನವನ್ನು ಗುರುಗಳಿಂದ ಆಶೀರ್ವದಿಸಿಕೊಳ್ಳುವುದು ನಮ್ಮ ಒಳ್ಳೆಯ ವಾಡಿಕೆ. ಹಳೆಯ ಗಾಡಿಯನ್ನೇ ಮಗನ ಕೈಗೆ ಕೊಡುತ್ತಿದ್ದರೆ ಅವನನ್ನೇ ಗುರುಗಳ ಬಳಿಗೆ ಕರೆದೊಯ್ದು, ಅವನಿಗಾಗಿ ಪ್ರಾರ್ಥಿಸಲು ಕೇಳಿಕೊಳ್ಳಿ. ಗಾಡಿಯಲ್ಲಿ ಸಂತ ಕ್ರಿಸ್ತೋಫರರ ಪದಕ ತೂಗುಹಾಕಿದರೆ ಅವರ ಕಥೆಯನ್ನೂ ಹೇಳಿ. ಆ ಹೆಸರಿಗೆ ಕ್ರಿಸ್ತನನ್ನು ಹೊತ್ತವನು ಎಂದರ್ಥ. ಹೊಳೆ ದಾಟಿಸುವಾಗ ಹೆಗಲ ಮೇಲಿನ ಮಗು ಹೆಜ್ಜೆಹೆಜ್ಜೆಗೂ ಭಾರವಾಯಿತು, ಆ ಮಗು ಕ್ರಿಸ್ತನೇ ಆಗಿದ್ದ ಎಂಬುದು ಐತಿಹ್ಯ. ತಂಗಿಯನ್ನು ಹಿಂದೆ ಕೂರಿಸಿಕೊಂಡವನಿಗೆ ಆ ಭಾರ ಗೊತ್ತಿರಬೇಕು.

ಅಪಘಾತವಾದರೆ ಏನು ಮಾಡಬೇಕೆಂಬುದನ್ನು ಮೊದಲೇ ಹೇಳಿಕೊಡಿ, ಏಕೆಂದರೆ ಆ ಗಳಿಗೆಯಲ್ಲಿ ಯೋಚಿಸಲಾಗುವುದಿಲ್ಲ. ತನ್ನಿಂದ ಯಾರಿಗಾದರೂ ಪೆಟ್ಟಾದರೆ ನಿಲ್ಲಬೇಕು, 108ಕ್ಕೆ ಕರೆ ಮಾಡಬೇಕು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರಿಗೆ ತಿಳಿಸಬೇಕು. ಜನರ ಗುಂಪು ಹೊಡೆಯಲು ಬಂದರೆ ನೇರ ಪೊಲೀಸ್ ಠಾಣೆಗೆ ಹೋಗಬಹುದು. ಕಾನೂನೇ ಅದನ್ನು ಒಪ್ಪುತ್ತದೆ. ಬೇರೆಯವರು ಬಿದ್ದಿರುವುದನ್ನು ಕಂಡರೂ ದಾಟಿಹೋಗಬಾರದು. ಕರುಣಾಳು ಸಮಾರಿಯನ ಸಾಮತಿಯಲ್ಲಿ ದಾಟಿಹೋದವರಿಗೂ ಅವರವರ ಕಾರಣಗಳಿದ್ದವು. ನಮಗೆ "ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ" ಎಂಬ ಕಾರಣವಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮಾರ್ಗಸೂಚಿಯೂ 2019ರ ತಿದ್ದುಪಡಿಯೂ ಅದನ್ನು ತೆಗೆದುಹಾಕಿವೆ. ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ, ಆಸ್ಪತ್ರೆ ಅವರಿಂದ ಹಣ ಕೇಳುವಂತಿಲ್ಲ.

ಈ ವಾರ ಒಂದು ಸಂಜೆ, ಕುಟುಂಬ ಪ್ರಾರ್ಥನೆಯ ನಂತರ, ಎಲ್ಲರೂ ಕುಳಿತು ಒಂದು ಹಾಳೆಯಲ್ಲಿ ನಿಮ್ಮ ಮನೆಯ ನಿಯಮಗಳನ್ನು ಬರೆಯಿರಿ. ಯಾವ ದಾರಿಗಳಲ್ಲಿ ಒಬ್ಬರೇ ಹೋಗಬಹುದು? ಗೆಳೆಯರನ್ನು ಹತ್ತಿಸಿಕೊಳ್ಳುವುದು ಯಾವ ತಿಂಗಳಿನಿಂದ? ಪೆಟ್ರೋಲಿಗೆ ಹಣ ಯಾರದ್ದು? ಮಕ್ಕಳಿಗೂ ಒಂದು ಅವಕಾಶ ಕೊಡಿ. ಅಪ್ಪ ಅಮ್ಮ ಗಾಡಿ ಓಡಿಸುವ ರೀತಿಯಲ್ಲಿ ಬದಲಾಗಬೇಕಾದ ಒಂದು ಸಂಗತಿಯನ್ನು ಅವರು ಬರೆಯಲಿ. ಎಲ್ಲರೂ ಸಹಿ ಹಾಕಿ, ಕೀ ತೂಗುಹಾಕುವ ಮೊಳೆಯ ಪಕ್ಕದಲ್ಲೇ ಆ ಹಾಳೆಯನ್ನು ಅಂಟಿಸಿ.