ಅಂಗೈಯಗಲದ ಗ್ರಂಥಭಂಡಾರ

ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ನಾಡಿನಲ್ಲಿ ಸುಪ್ರಸಿದ್ಧವಾಗಿದೆ. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದು ಗ್ರಂಥ ಒಂದೇ ಎಡೆಯಲ್ಲಿ ಉಳಿದರೆ, ದೂರದ ಓದುಗನ ಪಾಲಿಗೆ ಅದು ಇಲ್ಲದಂತೆಯೇ ಸರಿ. ಪ್ರತಿಮಾಡಿಸಿ ಅವನ ಬಳಿಗೆ ಕಳುಹಿಸುವುದೊಂದೇ ಅದಕ್ಕೆ ಉಪಾಯವಾಗಿತ್ತು.

ಇಂದು ವಿದ್ಯಾರ್ಥಿಗೆ ಬೇಕಾದ ತಿಳುವಳಿಕೆಯ ಬಹುಭಾಗ ಅಂತರಜಾಲದಲ್ಲಿ ದೊರೆಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೊಂದರಲ್ಲಿಯೇ 30,000ಕ್ಕೂ ಹೆಚ್ಚು ಲೇಖನಗಳಿವೆ. ಆದರೆ ಪಶ್ಚಿಮಘಟ್ಟದ ಕಾಡಂಚಿನಲ್ಲಿ ನೆಟ್‌ವರ್ಕ್ ದೊರೆಯದ ಊರುಗಳು ಇನ್ನೂ ಇವೆ. ಅಲ್ಲಿಯ ಮಕ್ಕಳಿಗೆ ಈ ಲೇಖನಗಳು ಇದ್ದೂ ಇಲ್ಲದಂತೆ. ಅತ್ತಿಮಬ್ಬೆಯ ಕಾಲದ ಉಪಾಯವೇ ಇಲ್ಲಿ ಹೊಸ ರೂಪದಲ್ಲಿ ನೆರವಿಗೆ ಬರುತ್ತದೆ.

2012ರಲ್ಲಿ ಇಂಗ್ಲೆಂಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಕಿರುಗಣಕಯಂತ್ರ ಮಾರಾಟಕ್ಕೆ ಬಂದಿತು. ಮಕ್ಕಳು ಗಣಕವಿದ್ಯೆಯನ್ನು ಅಗ್ಗದಲ್ಲಿ ಕಲಿಯಲೆಂದು ರೂಪಿಸಿದ ಯಂತ್ರವದು. ಅದರ ಫಲಕದ ಉದ್ದ ಸುಮಾರು 85 ಮಿಲಿಮೀಟರ್, ಅಗಲ 56 ಮಿಲಿಮೀಟರ್. 5 ವೋಲ್ಟ್ ವಿದ್ಯುತ್ತಿನಿಂದ ಅದು ನಡೆಯುತ್ತದೆ. ಇತ್ತ 2007ರಲ್ಲಿಯೇ ಕಿವಿಕ್ಸ್ ಎಂಬ ತಂತ್ರಾಂಶ ಹುಟ್ಟಿತ್ತು. ಇಡೀ ವಿಕಿಪೀಡಿಯವನ್ನು ಸಂಕುಚಿಸಿ ಒಂದೇ ಕಡತದಲ್ಲಿ ಅಡಗಿಸಿಟ್ಟು, ಜಾಲದ ಹಂಗಿಲ್ಲದೆ ಓದಿಸುವುದು ಅದರ ಕೆಲಸ. ಈ ಕಡತಕ್ಕೆ ಜಿಮ್ ಎಂದು ಹೆಸರು. ಚಿತ್ರಸಹಿತವಾದ ಇಂಗ್ಲಿಷ್ ವಿಕಿಪೀಡಿಯದ ಕಡತ 100 ಗಿಗಾಬೈಟನ್ನು ಮೀರುತ್ತದೆ. ಆದರೂ ಬೆರಳುಗುರಿನಷ್ಟು ಅಗಲದ 256 ಗಿಗಾಬೈಟಿನ ಮೆಮೊರಿ ಕಾರ್ಡಿನಲ್ಲಿ ಅದು ಸುಲಭವಾಗಿ ಹಿಡಿಸುತ್ತದೆ.

ಇದನ್ನು ಸ್ಥಾಪಿಸುವ ಕ್ರಮ ಕಠಿಣವಲ್ಲ. ಮೊದಲು ಜಾಲವಿರುವ ಊರಿನಲ್ಲಿ ಕುಳಿತು, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ಕಾರ್ಡಿಗೆ ಬರೆಯಬೇಕು. ಬಳಿಕ ಕಿವಿಕ್ಸನ್ನು ಅದರೊಳಗೆ ಸ್ಥಾಪಿಸಿ, ಆಯ್ದ ಕಡತಗಳನ್ನು ತುಂಬಬೇಕು. ಕೊನೆಗೆ ಯಂತ್ರವೇ ತನ್ನ ಸುತ್ತ ವೈಫೈ ಹರಡುವಂತೆಯೂ, ವಿದ್ಯುತ್ ಬಂದೊಡನೆ ತಾನಾಗಿ ಕೆಲಸ ಆರಂಭಿಸುವಂತೆಯೂ ಅಣಿಗೊಳಿಸಬೇಕು. ಅನಂತರ ಅದನ್ನು ಶಾಲೆಗೆ ಒಯ್ದು ಇರಿಸಿದರಾಯಿತು. ಸಮೀಪದ ಮೊಬೈಲುಗಳೂ ಗಣಕಯಂತ್ರಗಳೂ ಅದನ್ನು ಸೇರಿ, ಕೇಳಿದ ಪುಟವನ್ನು ಪಡೆಯುತ್ತವೆ. ಹೀಗೆ ಕೇಳಿದವರಿಗೆ ಪುಟ ಒದಗಿಸುವ ಯಂತ್ರವನ್ನು ಸರ್ವರ್ ಎನ್ನುತ್ತಾರೆ.

ಆದರೆ ಸ್ಥಾಪಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವಿದ್ಯುತ್ ಹಠಾತ್ತನೆ ನಿಂತರೆ ಕಾರ್ಡಿನಲ್ಲಿರುವ ಕಡತಗಳು ಕೆಡಬಹುದು. ಆದುದರಿಂದ ಬ್ಯಾಟರಿಯ ಆಸರೆಯೂ ಬೇರೆಡೆ ಕಾದಿರಿಸಿದ ಇನ್ನೊಂದು ಪ್ರತಿಯೂ ಅವಶ್ಯ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಮತ್ತೊಂದಿದೆ. ಪ್ರತಿಮಾಡಿದ ದಿನಕ್ಕೆ ಈ ಭಂಡಾರದ ಅರಿವು ನಿಂತುಹೋಗುತ್ತದೆ. ಮೂರು ವರ್ಷ ಹಿಂದಿನ ಕಡತವನ್ನೇ ಓದುವ ಹುಡುಗಿ ಅದನ್ನು ಇಂದಿನ ಮಾತೆಂದು ನಂಬಿಯಾಳು. ಒಳಗೆ ಇಲ್ಲದ ವಿಷಯವು ಲೋಕದಲ್ಲಿಯೇ ಇಲ್ಲವೆಂದು ಎಣಿಸಿಯಾಳು. ಹೊಸ ಕಡತ ತರುವ, ಅದರ ದಿನಾಂಕವನ್ನು ಎದ್ದು ಕಾಣುವಂತೆ ಬರೆದಿಡುವ, ಯಾವುದು ಬೇಕೆಂದು ವಿವೇಚಿಸಿ ಆರಿಸುವ ಒಬ್ಬ ಗ್ರಂಥಪಾಲಕ ಈ ಪುಟ್ಟ ಪೆಟ್ಟಿಗೆಗೂ ಬೇಕು.

ಆಯ್ಕೆಯಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ. ಇಂಗ್ಲಿಷ್ ಕಡತವನ್ನಷ್ಟೇ ತುಂಬಿದರೆ, ಕನ್ನಡವನ್ನು ಮಾತ್ರ ಬಲ್ಲ ಮಗುವಿನ ಮುಂದೆ ಭಂಡಾರದ ಬಾಗಿಲು ಮತ್ತೆ ಮುಚ್ಚಿದಂತೆಯೇ. ಕನ್ನಡದ ಕಡತವನ್ನು ಇರಿಸಿದರೆ ಬಾಗಿಲು ತೆರೆಯುತ್ತದೆ. ಆದರೆ ಒಳಗಿನ ಕಪಾಟುಗಳಲ್ಲಿ ಎಷ್ಟೋ ಎಡೆ ಇನ್ನೂ ಬರಿದಾಗಿದೆ. ವಿಕಿಪೀಡಿಯದ ಲೇಖನಗಳು ಸ್ವಯಂಪ್ರೇರಿತರಾದ ಜನರ ಶ್ರಮದ ಫಲ. ನಮ್ಮ ಊರಿನ ಕೆರೆ, ಬೆಳೆ, ಮರಗಿಡಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರಿಲ್ಲದಿದ್ದರೆ ಯಾವ ಯಂತ್ರವೂ ಅದನ್ನು ಹಂಚಲಾರದು. ಪೊನ್ನನು ಬರೆದಿದ್ದುದರಿಂದಲೇ ಅತ್ತಿಮಬ್ಬೆಗೆ ಪ್ರತಿಮಾಡಿಸಲು ಸಾಧ್ಯವಾಯಿತೆಂಬುದನ್ನು ನಾವು ಮರೆಯಬಾರದು.