ನಂಬಿಕೆ, ಕುಟುಂಬ ಮತ್ತು ಸರ್ಕಾರದ ಮಿತಿ

1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಧರ್ಮ ಒಪ್ಪದು ಎಂಬುದು ಅವರ ಕಾರಣ. ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ (1986) ನ್ಯಾ. ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಹಾಡಲೇಬೇಕೆಂಬ ಕಾನೂನೇ ಇರಲಿಲ್ಲ. ಗೌರವದಿಂದ ನಿಂತರೆ ಅವಮಾನವಲ್ಲ. ಆಧಾರ: ಸಂವಿಧಾನದ 19(1)(ಎ) (ಅಭಿವ್ಯಕ್ತಿ ಸ್ವಾತಂತ್ರ್ಯ) ಮತ್ತು 25(1)ನೇ (ಧಾರ್ಮಿಕ ಸ್ವಾತಂತ್ರ್ಯ) ವಿಧಿಗಳು.

25ನೇ ವಿಧಿಯ ಹಕ್ಕು ನಿರಂಕುಶವಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಅದು ಒಳಪಟ್ಟಿದೆ.

ಮನೆಯೊಳಗೂ ಕಾನೂನು ಕಾಲಿಡುತ್ತದೆ: ವರದಕ್ಷಿಣೆ ನಿಷೇಧ (1961), ಬಾಲ್ಯವಿವಾಹ ನಿಷೇಧ (2006). ದುರ್ಬಲರ ರಕ್ಷಣೆಗಾಗಿ ಬಂದ ಈ ಪ್ರವೇಶವನ್ನು ಹಸ್ತಕ್ಷೇಪವೆಂದು ದೂರುವುದು ಸರಿಯಲ್ಲ. ಆದರೆ ವಯಸ್ಕರು ಯಾರನ್ನು ಮದುವೆಯಾಗಬೇಕೆಂಬುದು ಅವರದೇ ಆಯ್ಕೆ (ಶಫೀನ್ ಜಹಾನ್ ಪ್ರಕರಣ, 2018, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ).

ಇಂಥ ವೈಯಕ್ತಿಕ ಆಯ್ಕೆಗಳಿಗೆ ಆಸರೆಯಾದ ಖಾಸಗಿತನವೂ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು.