ಇನ್ನೊಬ್ಬರ ನಿದ್ದೆ

ಮಗಳೇ,

ನವೆಂಬರ್ ಕೊನೆಗೆ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದ ಕೂಡಲೇ ನಿನ್ನಮ್ಮ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಅಣ್ಣನಾದ ನಾನು ಬೇಡವೆನ್ನುತ್ತೇನೆ ಎಂದುಕೊಂಡಿದ್ದಳೋ ಏನೋ. ನನ್ನಿಂದ ಆ ಮಾತು ಬರಲಿಲ್ಲ, ಬರುವುದೂ ಇಲ್ಲ. 31 ವರ್ಷ ಸರಕು ಹಡಗುಗಳಲ್ಲಿ ದುಡಿದು, ನಿವೃತ್ತನಾದ ಮೇಲೆ ಗೆಳೆಯನ 37 ಅಡಿಯ ದೋಣಿಯಲ್ಲಿ ಇದೇ ದಾರಿಯನ್ನು ಎರಡು ಸಲ ದಾಟಿದವನು ನಾನು. ಹೋಗು ಎಂದೇ ಹೇಳುತ್ತೇನೆ. ಆದರೆ ಫೋನಿನಲ್ಲಿ ಹೇಳಲಾಗದ ಕೆಲವು ಮಾತುಗಳಿವೆ. ಹೊರಡುವ ಮೊದಲು ಒಮ್ಮೆ ನಿಧಾನವಾಗಿ ಓದಿಕೋ.

ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲು. ನಿಮ್ಮ 38 ಅಡಿಯ ದೋಣಿ ದಿನಕ್ಕೆ 120ರಿಂದ 140 ಮೈಲು ಸಾಗೀತು. ಅಂದರೆ ಮೂರು ವಾರ, ಗಾಳಿ ಕೈಕೊಟ್ಟರೆ ಇನ್ನೂ ನಾಲ್ಕಾರು ದಿನ. ಕೆರಿಬಿಯನ್ನಿನಲ್ಲಿ ಚಂಡಮಾರುತದ ಕಾಲ ನವೆಂಬರ್ 30ಕ್ಕೆ ಮುಗಿಯಿತೆಂದು ಲೆಕ್ಕ. ಆ ಹೊತ್ತಿಗೆ ಈಶಾನ್ಯದ ವಾಣಿಜ್ಯ ಮಾರುತವೂ ನೆಲೆನಿಲ್ಲತೊಡಗುತ್ತದೆ. ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು ಎಂದು ಅಲ್ಲಿನ ಹಳೆಯ ನಾವಿಕರು ಹೇಳುತ್ತಾರೆ. 1492ರ ಸೆಪ್ಟೆಂಬರ್ 6ರಂದು ಕ್ಯಾನರಿಯ ಗೊಮೆರಾ ದ್ವೀಪ ಬಿಟ್ಟ ಕೊಲಂಬಸ್‌ನನ್ನು ಅಕ್ಟೋಬರ್ 12ಕ್ಕೆ ಆಚೆ ದಡ ಕಾಣಿಸಿದ್ದೂ ಇದೇ ಗಾಳಿ. ಗಾಳಿ ಬೆನ್ನಿಗಿರುತ್ತದೆ, ಬಿಸಿಲಿರುತ್ತದೆ, ದಾರಿ ಸಾವಿರಾರು ದೋಣಿಗಳು ಸವೆಸಿದ ದಾರಿ. ಆದ್ದರಿಂದ ಬಿರುಗಾಳಿಯ ಕತೆ ಹೇಳಿ ನಿನ್ನನ್ನು ಹೆದರಿಸುವುದಿಲ್ಲ. ನಾನು ಹೇಳಬೇಕೆಂದಿರುವುದು ನಿದ್ದೆಯ ವಿಷಯ.

ನಾನು ದುಡಿದ ಹಡಗುಗಳಲ್ಲಿ ಇಪ್ಪತ್ತು ಚಿಲ್ಲರೆ ಜನ ಇರುತ್ತಿದ್ದೆವು. ನಾಲ್ಕು ತಾಸು ವಾಚು, ಎಂಟು ತಾಸು ಬಿಡುವು. ಒಬ್ಬ ಕಾಯಿಲೆ ಬಿದ್ದರೆ ಇನ್ನೊಬ್ಬ ನಿಲ್ಲುತ್ತಿದ್ದ. ನಿಮ್ಮ ದೋಣಿಯಲ್ಲಿ ನೀವು ಮೂರೇ ಜನ. ಮೂರು ತಾಸು ಪಾಳಿ, ಆರು ತಾಸು ಬಿಡುವು ಎಂದು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆ ಆರು ತಾಸಿನಲ್ಲೇ ಅಡುಗೆ, ಊಟ, ರಿಪೇರಿ, ಹಾಯಿ ಬದಲಿಸುವುದು ಎಲ್ಲವೂ ಆಗಬೇಕು. ಬೆನ್ನುಗಾಳಿಗೆ ದೋಣಿ ಹಗಲೂ ರಾತ್ರಿ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ, ಮಲಗಿದವರ ಮೈಯೂ ಅದರೊಂದಿಗೆ ಹೊರಳುತ್ತದೆ. ಹಾಸಿಗೆಯಂಚಿಗೆ ಕಟ್ಟುವ ಕ್ಯಾನ್ವಾಸ್ ತಡೆಬಟ್ಟೆಯನ್ನು ಬಂದರಿನಲ್ಲೇ ಬಿಗಿದು, ಎರಡೂ ಪಕ್ಕಕ್ಕೆ ದಿಂಬು ತುರುಕಿ ಮಲಗಿ ನೋಡು. ಐದನೆಯ ದಿನದ ಹೊತ್ತಿಗೆ ದೋಣಿಯಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ನಿದ್ದೆ ಎಂಬುದು ನಿನಗೇ ತಿಳಿಯುತ್ತದೆ. ಆಗುವ ತಪ್ಪುಗಳೆಲ್ಲ, ಮೈಯನ್ನು ದೋಣಿಗೆ ಬಿಗಿಯುವ ಹಾರ್ನೆಸ್ಸಿನ ಕೊಂಡಿ ಹಾಕಲು ಮರೆಯುವುದು, ಹಗ್ಗವನ್ನು ತಪ್ಪು ದಿಕ್ಕಿಗೆ ಸುತ್ತುವುದು, ಹಡಗಿನ ದೀಪವನ್ನು ನಕ್ಷತ್ರವೆಂದು ಭ್ರಮಿಸುವುದು, ನಿದ್ದೆಗೆಟ್ಟವರ ಕೈಯಿಂದಲೇ ಆಗುತ್ತವೆ.

ಪಾಳಿ ಎರಡು ಗಂಟೆಗೆ ಎಂದರೆ ಎರಡಕ್ಕೆ ಕಣ್ಣುಜ್ಜುತ್ತ ಏಳುವುದಲ್ಲ ಮಗಳೇ. ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಹಾರ್ನೆಸ್ ಬಿಗಿದುಕೊಂಡು ಮೆಟ್ಟಿಲ ಬಳಿ ನಿಂತಿರಬೇಕು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ತಾಸು ಹಿಡಿಯುತ್ತದೆ. ಅದಕ್ಕೇ ಒಳಗೆ ಕೆಂಪು ದೀಪವೊಂದನ್ನೇ ಹಾಕುವುದು. ಮೊಬೈಲಿನ ಬೆಳಕು ಕಣ್ಣಿಗೆ ಬಿತ್ತೆಂದರೆ ಮತ್ತೆ ಮೊದಲಿನಿಂದ. ಪಾಳಿ ಒಪ್ಪಿಸುವವರು ಗಾಳಿ ಎಷ್ಟಿದೆ, ಯಾವ ಹಡಗು ಕಂಡಿದೆ, ಏನು ಅನುಮಾನ ಎಂದು ನಾಲ್ಕು ಮಾತು ಹೇಳಿ ಇಳಿದುಹೋಗುತ್ತಾರೆ. ನೀನು ಐದು ನಿಮಿಷ ತಡವಾಗಿ ಬಂದರೆ ಅದು ಅವರ ನಿದ್ದೆಯಿಂದ ಕಿತ್ತುಕೊಂಡ ಐದು ನಿಮಿಷ, ಹಿಂತಿರುಗಿಸಲು ಬಾರದ್ದು.

ಗದ್ದಲದ ಬಗ್ಗೆಯೂ ಇದೇ ಮಾತು. ಕಪಾಟಿನೊಳಗೆ ಉರುಳಾಡುವ ಒಂದು ಡಬ್ಬಿ ಮೂರು ತಾಸು ಒಬ್ಬರ ತಲೆಗೆ ಬಡಿಯುತ್ತಲೇ ಇರುತ್ತದೆ. ಪಾತ್ರೆಗಳ ನಡುವೆ ಹಳೆಯ ಪಂಚೆಯ ತುಂಡು ತುರುಕು, ಬಾಟಲಿಗೆ ಕಾಲುಚೀಲ ತೊಡಿಸು. ಹಳೇ ಪಂಚೆ ನಾಲ್ಕು ಕಳಿಸಿಕೊಡುತ್ತೇನೆ.

ಇಷ್ಟು ಹೇಳಿದ ಮೇಲೆ ಇದಕ್ಕೆ ಎದುರಾದ ಮಾತನ್ನೂ ಹೇಳಬೇಕು. ಅದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ.

ಮೊದಲ ಸಲದ ಹನ್ನೊಂದನೆಯ ರಾತ್ರಿ. ಗೆಳೆಯ ಹಗಲಿಡೀ ನೀರಿನ ಪಂಪು ಬಿಚ್ಚಿ ಜೋಡಿಸಿ ಸುಸ್ತಾಗಿ ಮಲಗಿದ್ದ. ಎರಡೂವರೆಯ ಸುಮಾರಿಗೆ ಹಿಂದಿನ ದಿಗಂತದಲ್ಲಿ ನಕ್ಷತ್ರಗಳು ಒಂದೊಂದಾಗಿ ಆರತೊಡಗಿದವು. ಮೋಡ ಎಂದು ಗೊತ್ತಾಯಿತು. ದೊಡ್ಡ ಹಾಯಿಯನ್ನು ಇನ್ನೊಂದು ಮಡಿಕೆ ಕುಗ್ಗಿಸಬೇಕೆಂದೂ ಗೊತ್ತಿತ್ತು, ಅದಕ್ಕೆ ಇಬ್ಬರು ಬೇಕು. ಪಾಪ, ಈಗಷ್ಟೇ ಕಣ್ಣು ಮುಚ್ಚಿದ್ದಾನೆ, ಮೋಡ ಪಕ್ಕದಲ್ಲೇ ಹಾದುಹೋದೀತು ಎಂದು ಸುಮ್ಮನಾದೆ. ಮೊದಲು ಕೆನ್ನೆಗೆ ತಣ್ಣನೆಯ ಗಾಳಿ ಸೋಕಿತು. ಮರುಕ್ಷಣ 18 ನಾಟ್ ಇದ್ದ ಗಾಳಿ 35 ದಾಟಿತು. ದೋಣಿ ಪಕ್ಕಕ್ಕೆ ತಿರುಗಿ ನಿಂತಿತು, ಹಾಯಿಯ ಬುಡದ ಅಡ್ಡಕಂಬ ಬೂಮು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಪ್ಪಳಿಸಿತು, ಹಾಯಿ ಅಂಚಿನಿಂದ ಎರಡು ಮೊಳ ಹರಿಯಿತು. ಗೆಳೆಯ ಬರಿಗಾಲಲ್ಲಿ ಮೇಲೆ ಬಂದ, ಬೈಯಲಿಲ್ಲ. ಬೆಳಗಾದ ಮೇಲೆ ಇಷ್ಟೇ ಹೇಳಿದ: “ನೀನು ಎಬ್ಬಿಸುತ್ತೀಯ ಎಂಬ ನಂಬಿಕೆಯಿಂದಲೇ ನನಗೆ ನಿದ್ದೆ ಬರುವುದು. ಎಬ್ಬಿಸುವುದಿಲ್ಲ ಎಂದಾದರೆ ಇನ್ನು ನಾನು ಮಲಗುವುದು ಹೇಗೆ?”

ಹಾಯಿ ಹೊಲಿಯಲು ಎರಡು ದಿನ ಸಾಕಾಯಿತು. ಅವನು ಮತ್ತೆ ಮೊದಲಿನಂತೆ ಮಲಗಲು ಒಂದು ವಾರ ಬೇಕಾಯಿತು. ನನ್ನ ಪಾಳಿಯಲ್ಲಿ ಗಾಳಿಯ ಸದ್ದು ತುಸು ಬದಲಾದರೂ ಸಾಕು, ಮೆಟ್ಟಿಲ ಮೇಲೆ ಅವನ ತಲೆ ಕಾಣುತ್ತಿತ್ತು. ಎಬ್ಬಿಸಲೋ ಬೇಡವೋ ಎಂಬ ಯೋಚನೆ ಬಂದ ಕ್ಷಣವೇ ಎಬ್ಬಿಸು. ಏನೂ ಆಗದಿದ್ದರೆ ಕ್ಷಮಿಸಿ ಎನ್ನು, ಅಷ್ಟೆ. ಇನ್ನೊಂದು, ಸೂರ್ಯ ಮುಳುಗುವ ಮೊದಲೇ ರಾತ್ರಿಗೆಂದು ಹಾಯಿಯನ್ನು ಒಂದು ಮಡಿಕೆ ಕುಗ್ಗಿಸಿಬಿಡಲು ನಿನ್ನ ಸ್ಕಿಪ್ಪರನ್ನು ಕೇಳಿಕೋ. ಅರ್ಧ ನಾಟ್ ವೇಗ ಹೋದರೆ ಹೋಗಲಿ.

ಹಡಗುಗಳ ವಿಷಯದಲ್ಲಿ ನಾನು ಎರಡೂ ಕಡೆಯಿಂದ ನೋಡಿದ್ದೇನೆ. ದೊಡ್ಡ ಹಡಗಿನ ಬ್ರಿಡ್ಜಿನಲ್ಲಿ ನಿಂತವನಿಗೆ ಫೈಬರಿನ ಪುಟ್ಟ ದೋಣಿ ರೇಡಾರಿನಲ್ಲಿ ಅಲೆಗಳ ಚುಕ್ಕಿಗಳ ನಡುವೆ ಎಷ್ಟೋ ಸಲ ಕಾಣುವುದೇ ಇಲ್ಲ. ದೋಣಿಯ ಗುರುತು ಸಾರುವ ಎಐಎಸ್ ಯಂತ್ರ ಹಾಕಿದ್ದರೆ ನಿಮ್ಮ ಹೆಸರು ಅವನ ಪರದೆಯ ಮೇಲೆ ಮೂಡುತ್ತದೆ, ಅದನ್ನು ಎಂದೂ ಆರಿಸಬೇಡಿ. ಮೂಡಿದರೂ ಅವನು ನೋಡಿಯೇ ಇದ್ದಾನೆ ಎಂದು ನಂಬಿ ಕೂರಬೇಡ. ಹಾಯಿದೋಣಿಗೆ ದಾರಿ ಬಿಡಬೇಕೆಂಬ ನಿಯಮ ಇದೆ, ನಿಜ. ಅಷ್ಟು ಭಾರದ ಹಡಗು ಬೇಗ ತಿರುಗುವುದಿಲ್ಲ, ಬೇಗ ನಿಲ್ಲುವುದೂ ಇಲ್ಲ ಎಂಬುದೂ ಅಷ್ಟೇ ನಿಜ. ದಿಗಂತದಲ್ಲಿ ದೀಪ ಕಂಡ ಹಡಗು ಕಾಲು, ಅರ್ಧ ತಾಸಿನಲ್ಲಿ ಹತ್ತಿರ ಬಂದಿರುತ್ತದೆ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಸುತ್ತಲೂ ನೋಡು. ಹಿಂದಕ್ಕೂ ನೋಡು. ಅನುಮಾನವಿದ್ದರೆ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಕರೆ. ನಡುರಾತ್ರಿ ಒಂಟಿಯಾಗಿ ನಿಂತ ಅಧಿಕಾರಿಗೆ ಒಂದು ದನಿ ಕೇಳಿದರೆ ಸಂತೋಷವೇ. ನನಗಂತೂ ಆಗುತ್ತಿತ್ತು.

ಹಾರ್ನೆಸ್ಸಿನಲ್ಲಿ ರಿಯಾಯಿತಿ ಇಲ್ಲ. ಕ್ಯಾಬಿನ್ನಿನಿಂದ ತಲೆ ಹೊರಹಾಕುವ ಮೊದಲೇ ಕೊಂಡಿ ಸಿಕ್ಕಿಸು. 6 ನಾಟ್ ವೇಗದಲ್ಲಿ ದೋಣಿ ಒಂದು ನಿಮಿಷಕ್ಕೆ 185 ಮೀಟರ್ ಹೋಗುತ್ತದೆ. ಮಲಗಿದವರು ಎದ್ದು ಮೇಲೆ ಬಂದು ಎಲ್ಲಿ ಎನ್ನುವಷ್ಟರಲ್ಲಿ ಅಲೆಗಳ ನಡುವೆ ತಲೆಯೊಂದು ಕಾಣುವುದಿಲ್ಲ. ಒಬ್ಬಳೇ ಇರುವಾಗ ಕಾಕ್‌ಪಿಟ್ ಬಿಟ್ಟು ಮುಂದಕ್ಕೆ ಹೋಗುವುದೇ ಬೇಡ. ಹೋಗಲೇಬೇಕೆಂದರೆ, ಎಬ್ಬಿಸು.

ಮೊದಲ ಮೂರು ದಿನ ಹೊಟ್ಟೆ ತೊಳಸುತ್ತದೆ, ಹಳಬರಿಗೂ ಬಿಟ್ಟಿದ್ದಲ್ಲ. ಮಾತ್ರೆ ತೆಗೆದುಕೊಳ್ಳುವುದಾದರೆ ದಡದಲ್ಲೇ ಒಮ್ಮೆ ನುಂಗಿ ನೋಡು, ಕೆಲವು ಮಾತ್ರೆಗೆ ಜೋರು ಮಂಪರು ಬರುತ್ತದೆ. ಶುಂಠಿ ಜಗಿ, ಗುಟುಕು ಗುಟುಕಾಗಿ ನೀರು ಕುಡಿ, ದಿಗಂತ ನೋಡು. ಆ ಮೂರು ದಿನದ ಅಡುಗೆಯನ್ನು ಬಂದರಿನಲ್ಲೇ ಮಾಡಿಟ್ಟುಕೊಳ್ಳಿ.

ಅಡುಗೆ ಎಂದ ಮೇಲೆ ನಿನ್ನಜ್ಜಿಯ ಅಡುಗೆಮನೆ ನೆನಪಾಗದೆ ಇರುವುದಿಲ್ಲ. ಅವಳ ಎಷ್ಟೋ ಪದಾರ್ಥ ದೋಣಿಗೆಂದೇ ಹುಟ್ಟಿದ ಹಾಗಿವೆ. ಅವಲಕ್ಕಿಗೆ ಒಲೆಯೇ ಬೇಡ. ಹಪ್ಪಳ, ಒಣಮೆಣಸು, ಮಿಡಿ ಉಪ್ಪಿನಕಾಯಿ ಯಾವ ಸೆಕೆಗೂ ಕೆಡುವುದಿಲ್ಲ. ಒಲೆ ದೋಣಿಯ ಜೊತೆ ತೂಗುವಂತೆ ಕಟ್ಟಿದ್ದಾದರೂ ಕುದಿಯುವ ಪಾತ್ರೆ ಒಂದಲ್ಲ ಒಂದು ದಿನ ಜಿಗಿಯುತ್ತದೆ. ಮುಚ್ಚಳ ಬಿಗಿಯುವ ಕುಕ್ಕರಿನಲ್ಲೇ ಅನ್ನ, ಅದರಲ್ಲೇ ಬೇಳೆ. ಅಡುಗೆ ಮಾಡುವಾಗ ದಪ್ಪ ರಬ್ಬರಿನ ಮಳೆಪ್ಯಾಂಟು ತೊಟ್ಟಿರು. ವೈದ್ಯರು ಸಾವಿರ ಮೈಲು ದೂರವಿರುವಾಗ ಸುಟ್ಟಗಾಯ ಸಣ್ಣದಲ್ಲ. ಸಿಹಿನೀರಿಗೆ ನಾಲ್ಕರಲ್ಲೊಂದು ಪಾಲು ಸಮುದ್ರದ ನೀರು ಬೆರೆಸಿ ಅನ್ನಕ್ಕಿಟ್ಟರೆ ಉಪ್ಪು ಹಾಕುವುದೇ ಬೇಡ, ನೀರೂ ಉಳಿಯುತ್ತದೆ. ದಿನಕ್ಕೆ ತಲೆಗೆ ನಾಲ್ಕು ಲೀಟರಿನಂತೆ ಮೂವರಿಗೆ 25 ದಿನಕ್ಕೆ 300 ಲೀಟರ್ ಬೇಕು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವಿದ್ದರೂ ಈ ಲೆಕ್ಕ ಬಿಡಬೇಡಿ, ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಲೂ ಬೇಡಿ.

ಹತ್ತು ದಿನದ ಮೇಲೆ ಹಸಿರು ಎಂಬುದು ಮುಗಿಯುತ್ತದೆ, ಉಳಿಯುವುದು ಎಲೆಕೋಸು, ಈರುಳ್ಳಿ, ಆಲೂಗಡ್ಡೆ. ಆಗ ಹೆಸರುಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಡು. ಎರಡನೆಯ ಬೆಳಗಿಗೆ ಮೊಳಕೆ, ಅದಕ್ಕೆ ನಿಂಬೆರಸ. ಹಿಂದೆ ಹಲ್ಲು ಉದುರಿಸಿ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿಗೆ ನಿಂಬೆ, ಕಿತ್ತಳೆ ಮದ್ದು ಎಂದು 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಪರೀಕ್ಷಿಸಿ ತೋರಿಸಿದ. ಮೂರು ವಾರದಲ್ಲಿ ನಿಮಗೆ ಸ್ಕರ್ವಿ ಬರುವುದಿಲ್ಲ. ಆದರೆ ಹದಿನೈದನೆಯ ದಿನ ಹಲ್ಲಿಗೆ ಗರಿಗರಿಯಾದದ್ದು ಸಿಕ್ಕರೆ ಮೂವರ ಮುಖವೂ ಅರಳುವುದನ್ನು ನೋಡುತ್ತೀಯ. ಪಾಳಿ ಮುಗಿಸಿ ಇಳಿಯುವವರಿಗೆ ಫ್ಲಾಸ್ಕಿನಲ್ಲಿ ಬಿಸಿ ಗಂಜಿ ಇರಲಿ, ಹೊಟ್ಟೆ ಬೆಚ್ಚಗಾದರೆ ನಿದ್ದೆ ಬೇಗ ಹತ್ತುತ್ತದೆ.

ದಿನಾ ಬೆಳಿಗ್ಗೆ ದೋಣಿಯನ್ನೊಮ್ಮೆ ಸುತ್ತಿ ಬಾ. ಮೊದಲ ದಿನಗಳಲ್ಲಿ ಹಗ್ಗದ ಮೇಲೆ ಕೆಂಪು ಧೂಳು ಕಂಡೀತು, ಸಹಾರಾದಿಂದ ಗಾಳಿ ಹೊತ್ತು ತಂದದ್ದು. ಮೂಲೆಯಲ್ಲಿ ರಾತ್ರಿ ಬಿದ್ದ ಹಾರುಮೀನು ಸಿಕ್ಕೀತು. ನೀನು ಹುಡುಕಬೇಕಾದದ್ದು ಹಗ್ಗ ಉಜ್ಜಿ ಸವೆದ ಜಾಗ. ಮೂರು ವಾರ ಎಡೆಬಿಡದೆ ಒಂದೇ ಕಡೆ ಉಜ್ಜಿದರೆ ಎಂಥ ಹಗ್ಗವೂ ತುಂಡಾಗುತ್ತದೆ, ಆಗುವುದೂ ನಡುರಾತ್ರಿಯಲ್ಲೇ. ಹಾಯಿ ಏರಿಸುವ ಹಗ್ಗವನ್ನು ದಿನಕ್ಕೊಂದು ಗೇಣು ಜರುಗಿಸಿದರೆ ರಾಟೆಯ ಮೇಲೆ ಹೊಸ ಜಾಗ ಬರುತ್ತದೆ.

ನಿನ್ನ ಜೊತೆಗಿರುವ ಇಬ್ಬರು ಗಂಡ ಹೆಂಡತಿ ಎಂದೆ. ಅವರ ಮಾತಿಗೆ ಮಾತು ಬೆಳೆದಾಗ ಯಾರ ಪರವೂ ನಿಲ್ಲಬೇಡ. ಸಂಜೆ ಒಂದು ತಾಸು ಮುಂದೆ ಹೋಗಿ ಕೂತು ಅವರನ್ನು ಅವರಷ್ಟಕ್ಕೆ ಬಿಡು. ನಿನಗೂ ಅಂಥದೊಂದು ತಾಸು ಬೇಕೆಂದು ನಾಚದೆ ಕೇಳು. ಪಶ್ಚಿಮಕ್ಕೆ ಹೋದಂತೆ ಗಡಿಯಾರವನ್ನು ಮೂರ್ನಾಲ್ಕು ಸಲ ಒಂದೊಂದು ತಾಸು ಹಿಂದಿಡಬೇಕಾಗುತ್ತದೆ, ಆ ದಿನ ಯಾರದೋ ಪಾಳಿ ಮೂರು ಹೋಗಿ ನಾಲ್ಕು ತಾಸಾಗುತ್ತದೆ. ಅದನ್ನು ಮೂವರೂ ತಲೆಗೆ ಇಪ್ಪತ್ತು ನಿಮಿಷದಂತೆ ಹಂಚಿಕೊಳ್ಳಿ. ನೀನೇ ಮೊದಲು ಆ ಮಾತು ಎತ್ತು.

ಐಎನ್‌ಎಸ್‌ವಿ ತಾರಿಣಿಯಲ್ಲಿ ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದ್ದನ್ನು ನೀನೇ ನನಗೆ ಓದಿ ಹೇಳಿದ್ದೆ. ಎಂಟು ತಿಂಗಳು, ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಆ ದಕ್ಷಿಣ ಸಾಗರದಲ್ಲಿ ಒಂಟಿ. ಅಲೆಗಳ ಫೋಟೊ ಎಲ್ಲರೂ ನೋಡಿದರು. ನಾನು ಮಾತ್ರ ಕೆಳಗೆ ಮಲಗಿದವಳು ಹೇಗೆ ಮಲಗಿರಬಹುದು ಎಂದೇ ಯೋಚಿಸುತ್ತಿದ್ದೆ.

ದಡ ಹತ್ತಿರವಾದ ರಾತ್ರಿ ಯಾರಿಗೂ ನಿದ್ದೆ ಬಾರದು. ಆದರೂ ಸರದಿಯಲ್ಲಿ ಮಲಗಿ. ಕತ್ತಲಲ್ಲಿ ಗೊತ್ತಿಲ್ಲದ ಬಂದರಿಗೆ ನುಗ್ಗಬೇಡಿ, ಹಾಯಿ ಇಳಿಸಿ ಹೊರಗೇ ಬೆಳಗು ಕಾಯಿರಿ. ಕಣ್ಣಿಗೆ ಬೀಳುವ ಮೊದಲೇ ಮಣ್ಣಿನ ವಾಸನೆ ಬರಬಹುದು. ಮೂರು ವಾರ ಬರಿ ಉಪ್ಪು ಮೂಸಿದ ಮೂಗಿಗೆ ಅದು ಮೊದಲ ಮಳೆಯ ದಿನದ ಹೊನ್ನಾವರದ ಹಾಗೆಯೇ ಇರುತ್ತದೆ.

ಕೊನೆಗೆ ಇನ್ನೊಬ್ಬರ ನಿದ್ದೆ. ನಿನ್ನಮ್ಮನದು. ದಿನಾ ಸಂದೇಶ ಕಳಿಸುತ್ತೇನೆ ಎಂದು ಅವಳಿಗೆ ಮಾತು ಕೊಡಬೇಡ. ಉಪಗ್ರಹದ ಆ ಪುಟ್ಟ ಯಂತ್ರ ಒಂದು ದಿನ ನೆನೆದು ಕೆಟ್ಟರೆ ಇಲ್ಲಿ ಅವಳು ಅನ್ನ ಬಿಡುತ್ತಾಳೆ. ಆದಾಗ ಕಳಿಸುತ್ತೇನೆ, ಬರದಿದ್ದರೆ ಯಂತ್ರ ಕೆಟ್ಟಿದೆ ಎಂದುಕೋ ಎಂದು ಈಗಲೇ ಬಿಡಿಸಿ ಹೇಳು. ನಿನ್ನ ದಾರಿಯ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಅವಳ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಆ ಮೂರು ವಾರ ನಾನು ಅಲ್ಲೇ ಇರುತ್ತೇನೆ. ದಿನಾ ಸಂಜೆ 130 ಮೈಲಿಗೊಂದರಂತೆ ಅವಳ ಕೈಯಲ್ಲೇ ಗುರುತು ಹಾಕಿಸುತ್ತೇನೆ.

ನಿನ್ನ
ಸೋದರಮಾವ